ಹಳೆಯ ಐಡಿಇ ಹಾರ್ಡ್‌ಡಿಸ್ಕ್‌ನಲ್ಲಿರುವ ಫೋಟೋಗಳನ್ನು ತೆಗೆಯುವುದು ಹೇಗೆ? ಮುಂದೆ ಅವನ್ನು ಯಾವುದರಲ್ಲಿ ಇಡಬೇಕು?

ನವನಗರ ಸ್ಟುಡಿಯೋ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ಮೊದಲು ನಮ್ಮ ಅಂಗಡಿ ಹಳೇ ಊರಿನಲ್ಲಿತ್ತು, ನಮ್ಮ ತಂದೆಯವರು ನೋಡಿಕೊಳ್ಳುತ್ತಿದ್ದರು. ಆಲಮಟ್ಟಿ ಹಿನ್ನೀರಿನ ಕಾರಣಕ್ಕೆ ಆ ಜಾಗ ಬಿಡಬೇಕಾಗಿ ಬಂದ 2004ರಲ್ಲಿ ಅವರು ಎರಡು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಒಂದು 80 ಜಿಬಿ ಹಾರ್ಡ್‌ಡಿಸ್ಕ್‌ನಲ್ಲಿ ತುಂಬಿಟ್ಟಿದ್ದರು. ಈಗ ನೀರಿನಡಿ ಇರುವ ಓಣಿಗಳು, ಹೋಳಿಯ ಬಣ್ಣದ ಬಂಡಿಗಳು, ಹಲಗೆ ಮೇಳಗಳು, ಆ ಕಾಲದ ಮದುವೆಗಳು ಎಲ್ಲವೂ ಅದರಲ್ಲಿವೆ. ಮೂಲ ನೆಗೆಟಿವ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೂಷ್ಟು ಹಿಡಿದು ಹಾಳಾಗಿರುವುದರಿಂದ ನನಗೆ ಉಳಿದಿರುವುದು ಆ ಡಿಸ್ಕ್ ಒಂದೇ.

ಅದು ಅಗಲವಾದ ಪಟ್ಟಿ ಕೇಬಲ್ ಹಾಕುವ ಹಳೆಯ ಐಡಿಇ ಡಿಸ್ಕ್. ಅದಿದ್ದ ಕಂಪ್ಯೂಟರಿನ ಮದರ್‌ಬೋರ್ಡ್‌ನಲ್ಲಿ ಕೆಪ್ಯಾಸಿಟರ್‌ಗಳು ಉಬ್ಬಿ ಅದು ಕೆಟ್ಟು ಬಹಳ ವರ್ಷಗಳಾದವು, ಹೊಸ ಕಂಪ್ಯೂಟರಿನಲ್ಲಿ ಆ ಸಾಕೆಟ್ಟೇ ಇಲ್ಲ. ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಕನ್ವರ್ಟರ್ ಕೇಬಲ್ ಒಂದನ್ನು ತಂದು ಜೋಡಿಸಿದೆ. ಕನ್ವರ್ಟರಿನ ದೀಪ ಹತ್ತುತ್ತದೆ, ಡಿಸ್ಕ್ ತಿರುಗಲು ಹೊರಟು ಟಿಕ್ ಟಿಕ್ ಎಂದು ನಾಲ್ಕೈದು ಸಲ ಸದ್ದು ಮಾಡಿ ನಿಂತುಬಿಡುತ್ತದೆ. ಕಂಪ್ಯೂಟರಿನಲ್ಲಿ ಏನೂ ಕಾಣುವುದಿಲ್ಲ. ಎರಡು ಸಲ ನೋಡಿ, ಹೆದರಿಕೆಯಾಗಿ ತೆಗೆದಿಟ್ಟಿದ್ದೇನೆ.

ಇದಲ್ಲದೆ ಕಳೆದ ಕೆಲವು ವರ್ಷಗಳ ಕೆಲಸವಿರುವ 1 ಟಿಬಿ ಪೋರ್ಟಬಲ್ ಡ್ರೈವ್ ಒಂದಿದೆ. ಅದರ ಯುಎಸ್‌ಬಿ ಕಿಂಡಿ ಅಲುಗಾಡುತ್ತದೆ. ಹೋದ ವಾರ ಕಾಪಿ ನಡೆಯುತ್ತಿರುವಾಗಲೇ ಸಂಪರ್ಕ ತಪ್ಪಿತು, ಅಂದಿನಿಂದ ಅದನ್ನು ಹಾಕಿದಾಗಲೆಲ್ಲ ವಿಂಡೋಸ್ 'ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೆ' ಎಂದು ಕೇಳುತ್ತಿದೆ. ಮೇಲಿನ ಕವಚ ಒಡೆದು ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಬಹುದು ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ? ಇವೆಲ್ಲ ಸುರಕ್ಷಿತವಾಗಿ ಹೊರಬಂದರೆ ಮುಂದೆ ಯಾವ ಬಗೆಯ ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ ಇಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹಾರ್ಡ್‌ವೇರ್ ರಿಪೇರಿ, ವಿಜಯಪುರ

ಸ್ಟುಡಿಯೋದವರೇ, ಎರಡೇ ಸಲಕ್ಕೆ ನಿಲ್ಲಿಸಿದ್ದೀರಿ, ಬಹಳ ಒಳ್ಳೆಯದಾಯಿತು. ಟಿಕ್ ಟಿಕ್ ಎನ್ನುವ ಡಿಸ್ಕನ್ನು ಹತ್ತಾರು ಸಲ ಹಾಕಿ ತೆಗೆದು ಪೂರ್ತಿ ಕೆಡಿಸಿಕೊಂಡ ಮೇಲೆ ನನ್ನ ಬಳಿ ತರುವವರೇ ಹೆಚ್ಚು. ಆದರೆ ಆ ಸದ್ದು ಕೇಳಿದ ಕೂಡಲೇ ಡಿಸ್ಕ್ ಸತ್ತಿತು ಎಂದು ತಿಳಿಯಬೇಡಿ. ಡಾಟಾ ಓದುವ ಹೆಡ್ ಕೆಟ್ಟಾಗಲೂ ಅದೇ ಸದ್ದು ಬರುತ್ತದೆ, ಕರೆಂಟ್ ಸಾಲದಿದ್ದಾಗಲೂ ಅದೇ ಸದ್ದು ಬರುತ್ತದೆ.

ಮೂರೂವರೆ ಇಂಚಿನ ಡಿಸ್ಕ್‌ಗೆ ಎರಡು ವೋಲ್ಟೇಜ್ ಬೇಕು. ಅದರ ಎಲೆಕ್ಟ್ರಾನಿಕ್ಸ್‌ಗೆ 5 ವೋಲ್ಟ್, ತಟ್ಟೆಗಳನ್ನು ತಿರುಗಿಸುವ ಮೋಟಾರಿಗೆ 12 ವೋಲ್ಟ್. ಒಮ್ಮೆ ವೇಗ ಹಿಡಿದ ಮೇಲೆ ಮೋಟಾರು ಹೆಚ್ಚು ಕರೆಂಟ್ ಕೇಳುವುದಿಲ್ಲವಾದರೂ, ನಿಂತ ತಟ್ಟೆ ತಿರುಗಲು ತೊಡಗುವ ಆ ಮೊದಲ ಕೆಲವು ಸೆಕೆಂಡುಗಳಲ್ಲಿ 12 ವೋಲ್ಟ್ ತಂತಿಯಲ್ಲಿ 2 ಆಂಪಿಯರ್‌ವರೆಗೂ ಎಳೆದುಕೊಳ್ಳಬಹುದು. ಕನ್ವರ್ಟರ್ ಕೇಬಲ್ ಜೊತೆಗೆ ಬರುವ ಅಗ್ಗದ ಅಡಾಪ್ಟರ್‌ಗಳ ಮೇಲೆ 2 ಆಂಪಿಯರ್ ಎಂದು ಬರೆದಿರುತ್ತದೆ, ಆದರೆ ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಆಗ ಡಿಸ್ಕ್ ಪೂರ್ಣ ವೇಗಕ್ಕೆ ಬರುವುದಿಲ್ಲ, ಹೆಡ್ ತನ್ನ ಜಾಗ ಹುಡುಕಿ ಸಿಗದೆ ಹಿಂದಕ್ಕೆ ಬರುತ್ತದೆ. ಅದೇ ಆ ಟಿಕ್ ಟಿಕ್. ಆದುದರಿಂದ ಆ ಅಡಾಪ್ಟರ್ ಬಿಟ್ಟು, ಚೆನ್ನಾಗಿ ನಡೆಯುತ್ತಿರುವ ಯಾವುದಾದರೂ ಡೆಸ್ಕ್‌ಟಾಪ್‌ಗೆ ಕರೆಂಟ್ ಕೊಡುವ ಎಸ್‌ಎಮ್‌ಪಿಎಸ್ ಪೆಟ್ಟಿಗೆಯಿಂದ ಬರುವ ನಾಲ್ಕು ಪಿನ್ನಿನ ಬಿಳಿ ಕನೆಕ್ಟರನ್ನು ಡಿಸ್ಕ್‌ಗೆ ಕೊಡಿ. ಡಾಟಾ ಮಾತ್ರ ಕನ್ವರ್ಟರ್ ಮೂಲಕ ಬರಲಿ.

ಎರಡನೆಯದು ಜಂಪರ್. ಐಡಿಇಯಲ್ಲಿ ಒಂದೇ ಪಟ್ಟಿ ಕೇಬಲ್‌ಗೆ ಎರಡು ಡಿಸ್ಕ್ ಹಾಕಬಹುದಾಗಿದ್ದರಿಂದ, ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂದು ಜಂಪರ್‌ನಿಂದಲೇ ಹೇಳಬೇಕಾಗಿತ್ತು. ಡಿಸ್ಕ್‌ನ ಹಿಂಬದಿಯಲ್ಲಿ 40 ಪಿನ್ನುಗಳ ಸಾಕೆಟ್ಟಿಗೂ ಕರೆಂಟಿನ ಸಾಕೆಟ್ಟಿಗೂ ನಡುವೆ ಎಂಟು ಹತ್ತು ಸಣ್ಣ ಪಿನ್ನುಗಳಿರುತ್ತವೆ, ಅವುಗಳ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಟೋಪಿ ಕೂತಿರುತ್ತದೆ, ಅದೇ ಜಂಪರ್. ನಿಮ್ಮ ತಂದೆಯವರು ಫೋಟೋಗಳಿಗೆಂದೇ ಈ ಡಿಸ್ಕ್ ಹಾಕಿಸಿದ್ದರೆ ಅದು ಎರಡನೆಯ ಡಿಸ್ಕ್ ಆಗಿ, ಸ್ಲೇವ್ ಸ್ಥಾನದಲ್ಲಿದ್ದಿರುವ ಸಾಧ್ಯತೆಯೇ ಹೆಚ್ಚು. ಬಹುತೇಕ ಕನ್ವರ್ಟರ್‌ಗಳು ಮಾಸ್ಟರ್ ಇದ್ದರೆ ಮಾತ್ರ ಗುರುತು ಹಿಡಿಯುತ್ತವೆ. ಜಂಪರ್ ಎಲ್ಲಿ ಹಾಕಬೇಕೆಂಬ ಚಿತ್ರ ಡಿಸ್ಕ್‌ನ ಲೇಬಲ್ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನು ಓದಿಯೇ ಹಾಕಿ. ಏಕೆಂದರೆ ಕೆಲವು ಕಂಪನಿಯ ಡಿಸ್ಕ್‌ಗಳನ್ನು ಒಂಟಿಯಾಗಿ ಬಳಸುವಾಗ ಜಂಪರ್ ಇರಲೇಬಾರದು. ಜೊತೆಗೆ 40 ಪಿನ್ನುಗಳಲ್ಲಿ ಯಾವುದಾದರೂ ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದು ಪಿನ್ ಇಲ್ಲದಿದ್ದರೆ ಗಾಬರಿಯಾಗಬೇಡಿ, ಕೇಬಲ್ ತಿರುವುಮುರುವಾಗಬಾರದೆಂದು ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ.

ಈ ಪಟ್ಟಿ ಕೇಬಲ್ ಏಕೆ ಹೋಯಿತು ಎಂದು ಅನೇಕರು ಕೇಳುತ್ತಾರೆ. ಐಡಿಇಯಲ್ಲಿ 16 ಬಿಟ್‌ಗಳು 16 ತಂತಿಗಳಲ್ಲಿ ಒಟ್ಟಿಗೆ ಹೊರಟು ಒಟ್ಟಿಗೇ ತಲುಪಬೇಕು. ವೇಗ ಏರಿಸಿದಂತೆ ಅಕ್ಕಪಕ್ಕದ ತಂತಿಗಳು ಒಂದರ ಸಂಕೇತವನ್ನು ಇನ್ನೊಂದು ಕೆಡಿಸತೊಡಗಿದವು. ಅದಕ್ಕಾಗಿ ತಂತಿಗಳ ನಡುವೆ ಒಂದೊಂದು ಅರ್ಥ್ ತಂತಿ ಸೇರಿಸಿ, ಪಿನ್ನು 40 ಇದ್ದರೂ ಕೇಬಲ್‌ನಲ್ಲಿ 80 ಎಳೆ ಮಾಡಿದರು. ಅಷ್ಟಾದರೂ ಸೆಕೆಂಡಿಗೆ 133 ಎಂಬಿಯ ಆಚೆಗೆ ಹೋಗಲಾಗಲಿಲ್ಲ, ಕೇಬಲ್ ಕೂಡ 45 ಸೆಂಟಿಮೀಟರ್‌ಗಿಂತ ಉದ್ದ ಇರುವಂತಿರಲಿಲ್ಲ. 2003ರ ಹೊತ್ತಿಗೆ ಬಂದ ಸಾಟಾ, ಬಿಟ್‌ಗಳನ್ನು ಒಂದರ ಹಿಂದೊಂದು ಸಾಲಾಗಿ ಕಳಿಸುವ ದಾರಿ ಹಿಡಿಯಿತು. ಡಾಟಾಕ್ಕೆ ಏಳು ಪಿನ್ ಸಾಕಾಯಿತು, ಒಂದು ಕೇಬಲ್‌ಗೆ ಒಂದೇ ಡಿಸ್ಕ್ ಆದ್ದರಿಂದ ಜಂಪರ್ ಗೊಡವೆಯೂ ಹೋಯಿತು. ಮೊದಲು ಸೆಕೆಂಡಿಗೆ 1.5 ಗಿಗಾಬಿಟ್ ಇದ್ದದ್ದು ಮುಂದೆ 3 ಆಗಿ, ಕೊನೆಗೆ 6ಕ್ಕೆ ಬಂದು ನಿಂತಿದೆ. ಎಂಟು ಬಿಟ್ ಕಳಿಸಲು ಹತ್ತು ಬಿಟ್ ಬಳಸುವುದರಿಂದ 6 ಗಿಗಾಬಿಟ್ ಎಂದರೆ ಸೆಕೆಂಡಿಗೆ 600 ಎಂಬಿ ಎಂದು ತಿಳಿಯಬೇಕು.

ಪೋರ್ಟಬಲ್ ಡ್ರೈವ್ ಮಾತಿಗೆ ಬಂದರೆ, ದಯವಿಟ್ಟು ಅದರ ಕವಚ ಒಡೆಯಬೇಡಿ. ಒಳಗೆ ಸಾಟಾ ಡಿಸ್ಕ್ ಇದ್ದು ಮೇಲೊಂದು ಸಣ್ಣ ಯುಎಸ್‌ಬಿ ಬೋರ್ಡ್ ಕೂರಿಸಿರುತ್ತಾರೆ ಎಂಬುದು ಎಲ್ಲ ಡ್ರೈವ್‌ಗಳಿಗೂ ನಿಜವಲ್ಲ. ಎಷ್ಟೋ ಪೋರ್ಟಬಲ್‌ಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಬೋರ್ಡಿಗೇ ನೇರವಾಗಿ ಬೆಸುಗೆ ಹಾಕಿರುತ್ತಾರೆ, ಸಾಟಾ ಸಾಕೆಟ್ ಅಲ್ಲಿ ಇರುವುದೇ ಇಲ್ಲ. ಇನ್ನು ಕೆಲವದರಲ್ಲಿ ಆ ಯುಎಸ್‌ಬಿ ಬೋರ್ಡಿನ ಚಿಪ್ಪೇ ಡಾಟಾವನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಗುಪ್ತ ಸಂಕೇತಕ್ಕೆ ಬದಲಿಸಿ ಬರೆಯುತ್ತದೆ, ನೀವು ಪಾಸ್‌ವರ್ಡ್ ಇಟ್ಟಿರದಿದ್ದರೂ ಸಹ. ಅಂಥ ಡಿಸ್ಕನ್ನು ಹೊರಗೆ ತೆಗೆದು ಸಾಟಾಗೆ ಹಾಕಿದರೆ ಅರ್ಥವಾಗದ ಅಂಕಿಗಳ ರಾಶಿ ಮಾತ್ರ ಕಾಣುತ್ತದೆ. ನಿಮ್ಮದಕ್ಕೆ ಬೇಕಾದದ್ದು ಕಿಂಡಿಗೆ ಹೊಸ ಬೆಸುಗೆ. ಮೊಬೈಲ್ ಬೋರ್ಡ್ ಕೆಲಸದಲ್ಲಿ ಕೈ ಪಳಗಿದವರು ಮಾಡಿಕೊಡುತ್ತಾರೆ.

'ಫಾರ್ಮ್ಯಾಟ್ ಮಾಡಬೇಕೆ' ಎಂಬ ಪ್ರಶ್ನೆಗೆ ಎಂದೆಂದಿಗೂ ಹೌದು ಎನ್ನಬೇಡಿ. ಡಿಸ್ಕ್ ಖಾಲಿಯಾಗಿದೆ ಎಂದು ಅದರ ಅರ್ಥವಲ್ಲ, ಯಾವ ಫೈಲು ಎಲ್ಲಿದೆ ಎಂಬ ಸೂಚಿ ಇಡುವ ಫೈಲ್ ಸಿಸ್ಟಂ ವಿಂಡೋಸ್‌ಗೆ ಅರ್ಥವಾಗಲಿಲ್ಲ ಎಂದಷ್ಟೇ. ಬರೆಯುವಾಗ ಸಂಪರ್ಕ ತಪ್ಪಿದ್ದರಿಂದ ಸೂಚಿ ಕೆಟ್ಟಿದೆ, ಫೋಟೋಗಳು ಇದ್ದಲ್ಲೇ ಇರುತ್ತವೆ. ದೋಷ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ, ಅದು ಅದೇ ಡಿಸ್ಕ್ ಮೇಲೆ ಬರೆಯುತ್ತದೆ. ಕಿಂಡಿ ಸರಿಯಾದ ಮೇಲೆ ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆದು, ಏನೇ ಮಾಡುವುದಿದ್ದರೂ ಆ ಪ್ರತಿಯ ಮೇಲೆ ಮಾಡಿ.

ವಿಡಿಯೋ ಎಡಿಟಿಂಗ್, ಬೆಳಗಾವಿ

ವಿಜಯಪುರದ ಸರ್ ಹೇಳಿದ್ದಕ್ಕೆ ನಾನು ಸೇರಿಸುವಂಥದ್ದು ಏನೂ ಇಲ್ಲ. ಮುಂದೆ ಯಾವುದರಲ್ಲಿ ಇಡಬೇಕೆಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನನ್ನ ಕೆಲಸದಲ್ಲಿ ದಿನವೂ ಅದೇ ಚಿಂತೆ.

ಅಂಗಡಿಗಳಲ್ಲಿ ಕನೆಕ್ಟರಿನ ಆಕಾರ ತೋರಿಸಿ ವೇಗ ಮಾರುತ್ತಾರೆ. ಟೈಪ್-ಸಿ ಎಂಬುದು ಕಿಂಡಿಯ ಆಕಾರದ ಹೆಸರು, ವೇಗದ ಹೆಸರಲ್ಲ. ಅದೇ ಆಕಾರದ ಕಿಂಡಿಯಲ್ಲಿ ಸೆಕೆಂಡಿಗೆ 480 ಮೆಗಾಬಿಟ್‌ನ ಯುಎಸ್‌ಬಿ 2.0 ಇರಬಹುದು, 5 ಗಿಗಾಬಿಟ್, 10 ಗಿಗಾಬಿಟ್, 40 ಗಿಗಾಬಿಟ್ ಕೂಡ ಇರಬಹುದು. ಮೊಬೈಲ್ ಚಾರ್ಜರಿನ ಜೊತೆ ಬಂದ ಟೈಪ್-ಸಿ ಕೇಬಲ್‌ಗಳಲ್ಲಿ ಬಹಳಷ್ಟು 2.0 ತಂತಿಗಳಷ್ಟೇ ಇರುತ್ತವೆ, ಅಂಥದ್ದನ್ನು ಒಳ್ಳೆಯ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಡಾಟಾ ಇಡುವ ಡ್ರೈವ್‌ಗೆ) ಹಾಕಿದರೆ ಸೆಕೆಂಡಿಗೆ 40 ಎಂಬಿ ದಾಟುವುದು ಕಷ್ಟ. ನಿಮ್ಮ ಐಡಿಇ ಕನ್ವರ್ಟರ್ ಕೂಡ 2.0 ಆಗಿದ್ದರೆ ಸೆಕೆಂಡಿಗೆ 30 ಎಂಬಿಯ ಆಸುಪಾಸು ಸಿಗುತ್ತದೆ. ಆ ಕಾಲದ ಡಿಸ್ಕ್ ತಾನೇ ಅದಕ್ಕಿಂತ ಬಹಳ ಹೆಚ್ಚೇನೂ ಓದುವುದಿಲ್ಲವಾದ್ದರಿಂದ ಅದಕ್ಕಾಗಿ ದುಬಾರಿ ಕನ್ವರ್ಟರ್ ಕೊಳ್ಳುವ ಅಗತ್ಯವಿಲ್ಲ. 2400 ಡಿಪಿಐನಲ್ಲಿ ಒಂದು ನೆಗೆಟಿವ್‌ನ ಟಿಫ್ ಫೈಲ್ ಸುಮಾರು 23 ಎಂಬಿ ಬರುತ್ತದೆ. ಎರಡು ಸಾವಿರದ ನಾಲ್ಕುನೂರು ಚಿತ್ರವೆಂದರೆ 55 ಜಿಬಿ, ಡಿಸ್ಕ್ ಆರೋಗ್ಯವಾಗಿದ್ದರೆ ಅರ್ಧ ಗಂಟೆಯ ಕೆಲಸ.

ಈಗ ಕೊಳ್ಳುವ ವಿಷಯ. ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಕೊಡುತ್ತದೆ, ಅದಕ್ಕೆ 5 ಗಿಗಾಬಿಟ್‌ನ ಯುಎಸ್‌ಬಿ 3.0 ಧಾರಾಳವಾಯಿತು. ಸಾಟಾ ಎಸ್‌ಎಸ್‌ಡಿ 500 ಎಂಬಿಯ ಮೇಲೆ ಹೋಗುತ್ತದೆ. ಎಂ.2 ಆಕಾರದ ಎನ್‌ವಿಎಂಇ ಎಸ್‌ಎಸ್‌ಡಿ ಸಾಟಾ ದಾರಿಯನ್ನೇ ಬಿಟ್ಟು ಪಿಸಿಐ ಎಕ್ಸ್‌ಪ್ರೆಸ್ ಎಂಬ ಇನ್ನೂ ವೇಗದ ದಾರಿಯಲ್ಲಿ ನಡೆಯುವುದರಿಂದ ಕಂಪ್ಯೂಟರಿನ ಒಳಗೆ 3000 ಎಂಬಿ ದಾಟಿದರೂ, 10 ಗಿಗಾಬಿಟ್‌ನ ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿದಾಗ 1000 ಎಂಬಿಯ ಸುತ್ತಲೇ ನಿಲ್ಲುತ್ತದೆ. ಕೇಸಿಂಗ್ ತರುವಾಗ ಅದು ಸಾಟಾ ಎಂ.2ಗೆ ಮಾಡಿದ್ದೋ ಎನ್‌ವಿಎಂಇಗೆ ಮಾಡಿದ್ದೋ ಎಂದು ಕೇಳಿಯೇ ತನ್ನಿ. ನೋಡಲು ಎರಡೂ ಒಂದೇ ಥರ ಇರುತ್ತವೆ, ಆದರೆ ಒಂದರದು ಇನ್ನೊಂದರಲ್ಲಿ ಕೆಲಸ ಮಾಡುವುದಿಲ್ಲ. ಹೊರಗಿನ ಡಿಸ್ಕ್‌ಗೆಂದಿದ್ದ ಇ-ಸಾಟಾ ಕಿಂಡಿ ಈಗ ಮರೆಯಾದಂತೆಯೇ. ಫೈರ್‌ವೈರ್ ಎಂಬ ಹಳೆಯ ಕಿಂಡಿ ಬೇಕಾಗುವುದು ನಿಮ್ಮ ಬಳಿ ಹಳೆಯ ಮಿನಿ ಡಿವಿ ಕ್ಯಾಸೆಟ್‌ಗಳಿದ್ದರೆ ಮಾತ್ರ.

ನನ್ನ ಸಲಹೆ ಇಷ್ಟು: ದಿನದ ಕೆಲಸಕ್ಕೆ ಒಂದು ಎಸ್‌ಎಸ್‌ಡಿ ಇರಲಿ, ಶಾಶ್ವತವಾಗಿ ಇಡುವುದಕ್ಕೆ ತಿರುಗುವ ಹಾರ್ಡ್‌ಡಿಸ್ಕ್‌ಗಳು ಎರಡಿರಲಿ, ಆ ಎರಡರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಸಾಧ್ಯವಾದರೆ ಎರಡನ್ನೂ ಬೇರೆ ಬೇರೆ ಕಂಪನಿಯದು ತನ್ನಿ. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತಂದ ಎರಡು ಡಿಸ್ಕ್‌ಗಳು ಒಂದೇ ದೋಷದಿಂದ ಒಟ್ಟಿಗೆ ಕೈಕೊಡಬಹುದು. ಎರಡೂವರೆ ಇಂಚಿನ ಪೋರ್ಟಬಲ್ ಯುಎಸ್‌ಬಿಯ 5 ವೋಲ್ಟ್‌ನಲ್ಲೇ ನಡೆಯುತ್ತದೆ, ಒಯ್ಯಲು ಸುಲಭ. ಆದರೆ ಹೆಚ್ಚು ಡಾಟಾ ಹಿಡಿಯುವ ಪೋರ್ಟಬಲ್‌ಗಳಲ್ಲಿ ಬಹುಪಾಲು ಎಸ್‌ಎಂಆರ್ ಎಂಬ ಬಗೆಯವು. ಹಂಚಿನ ಮನೆಯ ಮೇಲೆ ಒಂದು ಹಂಚಿನ ಅಂಚು ಇನ್ನೊಂದರ ಮೇಲೆ ಬರುವಂತೆ, ಅವುಗಳಲ್ಲಿ ಒಂದು ಪಥದ ಅಂಚಿನ ಮೇಲೆ ಮುಂದಿನ ಪಥವನ್ನು ಬರೆದಿರುತ್ತಾರೆ. ನಡುವಿನ ಒಂದು ಹಂಚು ಬದಲಿಸಲು ಸುತ್ತಲಿನವನ್ನೂ ಎತ್ತಬೇಕಲ್ಲವೇ? ಹಾಗೆಯೇ ಇಲ್ಲಿ ಹಳೆಯದರ ಮೇಲೆ ತಿದ್ದಿ ಬರೆಯುವುದು ಬಹಳ ನಿಧಾನ. ಒಮ್ಮೆ ತುಂಬಿ ಎತ್ತಿಡುವುದಕ್ಕೆ ತೊಂದರೆಯಿಲ್ಲ, ದಿನವೂ ಎಡಿಟ್ ಮಾಡಲು ಬೇಡ.

ಸ್ಟುಡಿಯೋದಲ್ಲಿ ವಿಂಡೋಸ್ ಮಾತ್ರ ಇದ್ದರೆ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಮ್ಯಾಕ್‌ನಲ್ಲಿಯೂ ನಡೆಯುತ್ತದೆ ಎಂಬುದು ಅನುಕೂಲವೇ ಆದರೂ, ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ವ್ಯವಸ್ಥೆ ಅದರಲ್ಲಿಲ್ಲ. ನಡುವೆ ಕರೆಂಟ್ ಹೋದರೆ, ಕೇಬಲ್ ಕಿತ್ತರೆ ಸೂಚಿ ಕೆಡುವ ಭಯ ಅದರಲ್ಲಿ ಹೆಚ್ಚು.

ಡಿಸೈನ್ ಕೆಲಸ, ಜಮಖಂಡಿ

ನನ್ನದೊಂದು ಸಂದೇಹ. ತಿರುಗುವ ಡಿಸ್ಕ್ ಬಿದ್ದರೆ ಹೋಯಿತು, ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾಗಿರುವಾಗ ಎಲ್ಲವನ್ನೂ ಒಂದು ದೊಡ್ಡ ಎಸ್‌ಎಸ್‌ಡಿಗೆ ಹಾಕಿ ಕಪಾಟಿನಲ್ಲಿ ಇಡುವುದೇ ಸುರಕ್ಷಿತವಲ್ಲವೇ? ನಾನಂತೂ ಹಾಗೆಯೇ ಮಾಡುತ್ತಿದ್ದೇನೆ.

ವಿಡಿಯೋ ಎಡಿಟಿಂಗ್, ಬೆಳಗಾವಿ

ಬೀಳುವ ಭಯ ಮಾತ್ರ ನೋಡಿದರೆ ನಿಮ್ಮ ಮಾತು ಸರಿ. ಆದರೆ ಎಸ್‌ಎಸ್‌ಡಿಯಲ್ಲಿ ಡಾಟಾ ನಿಲ್ಲುವುದು ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿ. ಕರೆಂಟ್ ಕೊಡದೆ ವರ್ಷಗಟ್ಟಲೆ ಇಟ್ಟರೆ ಆ ಆವೇಶ ನಿಧಾನವಾಗಿ ಸೋರುತ್ತದೆ, ಹೆಚ್ಚು ಬಳಸಿ ಸವೆದ ಡ್ರೈವ್‌ನಲ್ಲಿ ಬೇಗ ಸೋರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಬ್ಬಿಣದ ಕಪಾಟಿನ ಒಳಗೆ ಎಷ್ಟು ಕಾವು ಇರುತ್ತದೆ ಎಂಬುದು ತಮಗೇ ಗೊತ್ತು. ಅದರ ಮೇಲೆ ಎಸ್‌ಎಸ್‌ಡಿ ಕೆಟ್ಟರೆ ಹೆಚ್ಚಾಗಿ ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಲೇ ಕೆಡುತ್ತದೆ. ತಾವು ಎಸ್‌ಎಸ್‌ಡಿಯಲ್ಲೇ ಇಡುವುದಾದರೆ ಕೆಲವು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಹಾಕಿ ಎಲ್ಲ ಫೈಲುಗಳನ್ನು ಓದಿಸಿ, ಮತ್ತು ದಯವಿಟ್ಟು ಇನ್ನೊಂದು ಪ್ರತಿ ಮಾಡಿಕೊಳ್ಳಿ. ಯಾವ ಬಗೆಯ ಡ್ರೈವ್ ಆದರೂ ಒಂಟಿ ಪ್ರತಿ ಸುರಕ್ಷಿತವಲ್ಲ.

ನವನಗರ ಸ್ಟುಡಿಯೋ, ಬಾಗಲಕೋಟೆ

ಎಲ್ಲ ಹಿರಿಯರಿಗೂ ಅನಂತ ವಂದನೆಗಳು. ಜಂಪರ್ ಸ್ಲೇವ್‌ನಲ್ಲಿಯೇ ಇತ್ತು. ಚಿಮಟದಿಂದ ತೆಗೆದು, ಲೇಬಲ್ ಮೇಲಿನ ಚಿತ್ರದಂತೆ ಮಾಸ್ಟರ್ ಜಾಗಕ್ಕೆ ಹಾಕಿದೆ. ಪಕ್ಕದ ಸೈಬರ್ ಕೆಫೆಯವರ ಡೆಸ್ಕ್‌ಟಾಪ್‌ನ ಎಸ್‌ಎಮ್‌ಪಿಎಸ್‌ನಿಂದ ಕರೆಂಟ್ ಕೊಟ್ಟಾಗ ಮೋಟಾರಿನ ಸದ್ದು ನಿಧಾನವಾಗಿ ಏರುತ್ತ ಹೋಗಿ ಒಂದೇ ಶ್ರುತಿಯಲ್ಲಿ ನಿಂತಿತು, ಟಿಕ್ ಎಂಬ ಸದ್ದು ಒಮ್ಮೆಯೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಡ್ರೈವ್ ಕಾಣಿಸಿತು. 'ಹೋಳಿ 98' ಎಂಬ ಫೋಲ್ಡರಿನಲ್ಲಿ ನಮ್ಮ ಹಳೆಯ ಅಂಗಡಿಯ ಮುಂದೆ ಬಣ್ಣದ ಬ್ಯಾರಲ್ ಹೊತ್ತ ಬಂಡಿ ನಿಂತಿರುವ ಚಿತ್ರ ತೆರೆದಾಗ ನಮ್ಮ ತಾಯಿಯವರನ್ನು ಕರೆದು ತೋರಿಸಿದೆ.

ಒಟ್ಟು 2,386 ಫೈಲುಗಳಿವೆ. ಕಾಪಿ ಹಾಕಿದಾಗ ಮೊದಲ ಸಾವಿರ ಸರಾಗವಾಗಿ ಬಂದವು, ನಂತರ ಕೆಲವು ಫೈಲುಗಳ ಬಳಿ ಬಂದಾಗ ನಿಮಿಷಗಟ್ಟಲೆ ನಿಂತು ದೋಷ ತೋರಿಸುತ್ತಿದೆ. 31 ಫೈಲು ಹೀಗಾಗಿವೆ. ಮತ್ತೆ ಮತ್ತೆ ಪ್ರಯತ್ನಿಸಬಹುದೇ?

ಹಾರ್ಡ್‌ವೇರ್ ರಿಪೇರಿ, ವಿಜಯಪುರ

ಕಾಪಿ ಈಗಲೇ ನಿಲ್ಲಿಸಿ. ಓದಲಾಗದ ಸೆಕ್ಟರ್ (ಡಿಸ್ಕ್‌ನ ಒಂದು ಸಣ್ಣ ತುಣುಕು) ಸಿಕ್ಕಾಗ ವಿಂಡೋಸ್ ಅದನ್ನೇ ಮತ್ತೆ ಮತ್ತೆ ಓದಲು ಹೇಳಿ ಡಿಸ್ಕನ್ನು ದಣಿಸುತ್ತದೆ. ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ. ಅದು ಫೈಲುಗಳನ್ನು ನೋಡುವುದಿಲ್ಲ, ಇಡೀ 80 ಜಿಬಿಯನ್ನು ಒಂದೇ ಇಮೇಜ್ ಫೈಲಾಗಿ ಇಳಿಸುತ್ತದೆ. ಕೆಟ್ಟ ಜಾಗ ಬಂದರೆ ಬಿಟ್ಟು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ತೆಗೆದುಕೊಂಡು, ಆಮೇಲೆ ಬಿಟ್ಟ ಜಾಗಗಳಿಗೆ ಹಿಂತಿರುಗುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಕೊಡುವುದನ್ನು ಮರೆಯಬೇಡಿ. ಅದಿದ್ದರೆ ನಡುವೆ ನಿಲ್ಲಿಸಿ, ಡಿಸ್ಕ್ ತಣ್ಣಗಾಗಲು ಬಿಟ್ಟು, ಮರುದಿನ ನಿಂತಲ್ಲಿಂದಲೇ ಮುಂದುವರಿಸಬಹುದು. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂಬುದನ್ನು ಎಷ್ಟು ಜಿಬಿ ಎಂದು ನೋಡಿ ಎರಡು ಸಲ ಖಚಿತಪಡಿಸಿಕೊಂಡ ನಂತರವೇ ಎಂಟರ್ ಒತ್ತಿ, ಅದಲುಬದಲಾದರೆ ಹಳೆಯದರ ಮೇಲೆಯೇ ಬರೆದುಬಿಡುತ್ತದೆ. ಡಿಸ್ಕ್ ಮೇಲೆ ಸಣ್ಣ ಟೇಬಲ್ ಫ್ಯಾನಿನ ಗಾಳಿ ಬೀಳಲಿ, ಕಂಪ್ಯೂಟರ್ ಯುಪಿಎಸ್ ಮೇಲಿರಲಿ.

ನವನಗರ ಸ್ಟುಡಿಯೋ, ಬಾಗಲಕೋಟೆ

ಸರ್, ತಾವು ಹೇಳಿದಂತೆಯೇ ಮಾಡಿದೆ. ಚೆನ್ನಾಗಿದ್ದ ಭಾಗವೆಲ್ಲ ಒಂದು ಗಂಟೆಯೊಳಗೆ ಇಳಿಯಿತು, ಉಳಿದ ಅಲ್ಪ ಭಾಗಕ್ಕೆ ಮೂರು ದಿನ ಹಿಡಿಯಿತು. 31ರಲ್ಲಿ 27 ಫೈಲುಗಳು ಪೂರ್ಣವಾಗಿ ಬಂದಿವೆ. ಇಮೇಜ್ ಫೈಲನ್ನೂ ಬಿಡಿ ಫೈಲುಗಳನ್ನೂ ಎರಡು ಕಂಪನಿಯ ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಹಾಕಿ, ಫೈಲುಗಳ ಎಣಿಕೆ ಮತ್ತು ಒಟ್ಟು ಬೈಟುಗಳು ಎರಡರಲ್ಲೂ ಒಂದೇ ಇವೆಯೆಂದು ನೋಡಿಕೊಂಡಿದ್ದೇನೆ. ಒಂದು ಡಿಸ್ಕ್ ಬರುವ ಭಾನುವಾರ ವಿಜಯಪುರದಲ್ಲಿರುವ ತಂಗಿಯ ಮನೆಗೆ ಹೋಗುತ್ತದೆ. ಪೋರ್ಟಬಲ್ ಡ್ರೈವ್ ಬೆಸುಗೆಗೆ ಕೊಟ್ಟಿದ್ದೇನೆ.

ಬಾರದೆ ಉಳಿದ ನಾಲ್ಕೂ ಒಂದೇ ರೋಲಿನವು. ಫೈಲಿನ ಹೆಸರಿನಲ್ಲಿ ತಂದೆಯವರು ರೋಲ್ ನಂಬರ್ ಬರೆದಿದ್ದರಿಂದ ಟ್ರಂಕಿನಲ್ಲಿದ್ದ ಕವರುಗಳನ್ನು ಹುಡುಕಿದೆ. ಆ ರೋಲಿನ ಒಂದು ತುಂಡು ಸಿಕ್ಕಿತು, ಅದರಲ್ಲಿ ನಾಲ್ಕರ ಪೈಕಿ ಎರಡು ಬೂಷ್ಟಿಲ್ಲದೆ ಉಳಿದಿವೆ. ಅವನ್ನು ಇವತ್ತು ಮತ್ತೆ ಸ್ಕ್ಯಾನ್ ಮಾಡುತ್ತಿದ್ದೇನೆ.